ಒಂದು ವೈರಾಣು, ಹಲವು ಪಾಠಾಂತರ

ಹಳಗನ್ನಡ ಕಾವ್ಯಗಳ ಓಲೆಯ ಪ್ರತಿಗಳನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಲಿಪಿಕಾರನ ಪರಿಚಯವನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಒಂದು ಪ್ರತಿಯನ್ನು ನೋಡಿ ಇನ್ನೊಂದನ್ನು ಇಳಿಸಿಕೊಳ್ಳುವಾಗ ಆ ಪುಣ್ಯಾತ್ಮನು ಒಂದೆಡೆ ಅಕ್ಷರವನ್ನು ಬಿಟ್ಟಾನು, ಇನ್ನೊಂದೆಡೆ ಸಾಲನ್ನೇ ಹಾರಿಸಿಯಾನು, ಅರ್ಥವಾಗದ ಕಡೆ ತನಗೆ ತೋರಿದ ಮಾತನ್ನು ಸೇರಿಸಿಯಾನು. ಅವನ ಪ್ರತಿಯನ್ನು ನೋಡಿ ಬರೆದವನು ಆ ತಪ್ಪುಗಳ ಜೊತೆಗೆ ತನ್ನವನ್ನೂ ಕೂಡಿಸುತ್ತಾನೆ. ಹೀಗೆ ಹುಟ್ಟಿದ ಪಾಠಾಂತರಗಳನ್ನು ತೂಗಿ ನೋಡುವುದೇ ಗ್ರಂಥಸಂಪಾದನೆಯ ಕೆಲಸ. ಇದನ್ನು ಪಾಠ ಹೇಳಿಕೊಂಡು ಬಂದ ನಾನು ವೈದ್ಯಶಾಸ್ತ್ರದ ಪಂಡಿತನಲ್ಲ. ಆದರೂ ಏಡ್ಸ್ ರೋಗಕ್ಕೆ ಕಾರಣವಾದ ಎಚ್‌ಐವಿ ಎಂಬ ವೈರಾಣುವಿನ ವಿಚಾರವನ್ನು ಓದುತ್ತ ಹೋದಂತೆ, ಪರಿಚಿತವಾದ ನೆಲದ ಮೇಲೆಯೇ ನಡೆಯುತ್ತಿರುವಂತೆ ನನಗೆ ತೋರಿತು.

ಈ ವೈರಾಣುವಿನ ಗ್ರಂಥ ಬಹು ಚಿಕ್ಕದು. ಅದರಲ್ಲಿರುವುದು ಸುಮಾರು ೯,೭೦೦ ಅಕ್ಷರಗಳು, ಒಂಬತ್ತು ವಂಶವಾಹಿಗಳು. ಮನುಷ್ಯನ ಜೀವಕೋಶವನ್ನು ಹೊಕ್ಕೊಡನೆ ಈ ಗ್ರಂಥವನ್ನು ಪ್ರತಿಮಾಡಲು ಅದು ತನ್ನದೇ ಲಿಪಿಕಾರನನ್ನು ಕರೆತರುತ್ತದೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬುದು ಆ ಕಿಣ್ವದ ಹೆಸರು. ಬರೆದುದನ್ನು ಮತ್ತೆ ಓದಿ ತಿದ್ದುವ ಅಭ್ಯಾಸ ಅದಕ್ಕಿಲ್ಲ. ಚಿಕಿತ್ಸೆಯಿಲ್ಲದ ರೋಗಿಯ ದೇಹದಲ್ಲಿ ದಿನವೊಂದಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಾಣುಗಳು ಹುಟ್ಟುತ್ತವೆಯೆಂದು ವಿಜ್ಞಾನಿಗಳು ಎಣಿಸಿದ್ದಾರೆ. ತಪ್ಪು ಅಪರೂಪವೇ ಆದರೂ, ಇಷ್ಟು ಪ್ರತಿಗಳಲ್ಲಿ ಎಷ್ಟು ಪಾಠಾಂತರಗಳಾದಾವೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಎರಡು ಬಗೆಯ ವೈರಾಣುಗಳು ಒಂದೇ ಜೀವಕೋಶದಲ್ಲಿ ಸೇರಿದರಂತೂ, ಎರಡು ಪ್ರತಿಗಳನ್ನು ಎದುರಿಗಿಟ್ಟುಕೊಂಡ ಲಿಪಿಕಾರನಂತೆ, ಅದು ಒಂದರಿಂದಿಷ್ಟು ಇನ್ನೊಂದರಿಂದಿಷ್ಟು ತೆಗೆದು ಮಿಶ್ರಪಾಠವನ್ನು ಸಿದ್ಧಪಡಿಸುತ್ತದೆ.

೧೯೮೩ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಈ ವೈರಾಣು ಮೊದಲು ಕೈಗೆ ಸಿಕ್ಕಿತು. ೧೯೮೬ರಲ್ಲಿ ಪಶ್ಚಿಮ ಆಫ್ರಿಕದ ರೋಗಿಗಳಲ್ಲಿ ಎಚ್‌ಐವಿ-೨ ಎಂಬ ಬೇರೊಂದು ಜಾತಿ ಕಂಡಿತು. ಮೊದಲನೆಯದರಲ್ಲಿಯೇ ಎಂ, ಎನ್, ಓ, ಪಿ ಎಂದು ನಾಲ್ಕು ಗುಂಪುಗಳುಂಟು. ಜಗತ್ತನ್ನೆಲ್ಲ ವ್ಯಾಪಿಸಿರುವುದು ಎಂ ಗುಂಪು. ಅದರೊಳಗೆ ಎ, ಬಿ, ಸಿ ಮೊದಲಾದ ಉಪವರ್ಗಗಳು. ಅವುಗಳ ಸಂಕರಗಳು ಬೇರೆ. ಸಮಾನ ದೋಷಗಳನ್ನು ಹಿಡಿದು ನಾವು ಪ್ರತಿಗಳ ವಂಶವೃಕ್ಷವನ್ನು ಬರೆಯುವಂತೆಯೇ, ಕಿನ್ಶಾಸಾ ನಗರದಲ್ಲಿ ೧೯೫೯ ಮತ್ತು ೧೯೬೦ರಲ್ಲಿ ತೆಗೆದಿಟ್ಟ ಎರಡು ಮಾದರಿಗಳನ್ನು ಹೋಲಿಸಿ, ಎಂ ಗುಂಪಿನ ಮೂಲಪ್ರತಿ ಇಪ್ಪತ್ತನೆಯ ಶತಮಾನದ ಆದಿಭಾಗದ ಸುಮಾರಿನದೆಂದು ೨೦೦೮ರಲ್ಲಿ ವಿಜ್ಞಾನಿಗಳು ನಿರ್ಣಯಿಸಿದರು.

ಇದು ಕೇವಲ ಪಾಂಡಿತ್ಯದ ವಿಷಯವಾಗಿದ್ದರೆ ಇಲ್ಲಿ ಬರೆಯಬೇಕಾದ ಅಗತ್ಯವಿರಲಿಲ್ಲ. ಗ್ರಂಥಸಂಪಾದಕನು ಒಂದು ಪಾಠವನ್ನು ಕಾಣದೆ ಹೋದರೆ ಪದ್ಯದ ಅರ್ಥ ಕೆಟ್ಟೀತು. ವೈದ್ಯನು ಕಾಣದೆ ಹೋದರೆ ಮನುಷ್ಯನ ಬಾಳೇ ಕೆಡುತ್ತದೆ. ಸೋಂಕಿಗೆ ಪ್ರತಿಯಾಗಿ ದೇಹವು ಹುಟ್ಟಿಸಿದ ಪ್ರತಿಕಾಯಗಳನ್ನು ರಕ್ತಪರೀಕ್ಷೆ ಹುಡುಕುತ್ತದೆ. ಅವನ್ನು ಹಿಡಿಯಲು ಅದು ಒಡ್ಡುವ ಗಾಳವು ವೈರಾಣುವಿನದೇ ಪ್ರೋಟೀನಿನ ಒಂದು ತುಣುಕು. ಎಂ ಗುಂಪಿನಿಂದ ಮಾಡಿದ ಗಾಳಕ್ಕೆ ಓ ಗುಂಪಿನ ಪ್ರತಿಕಾಯ ಸಿಕ್ಕೀತೆಂಬ ಭರವಸೆಯಿಲ್ಲ. ಓ ಗುಂಪಿನ ಸೋಂಕುಳ್ಳ ಕೆಲವರನ್ನು ಅಂದು ಬಳಕೆಯಲ್ಲಿದ್ದ ಕೆಲವು ಪರೀಕ್ಷೆಗಳು ನಿರೋಗಿಗಳೆಂದು ತೋರಿಸಿದ್ದು ೧೯೯೪ರಲ್ಲಿ ಫ್ರಾನ್ಸಿನಲ್ಲಿ ಬೆಳಕಿಗೆ ಬಂತು. ಆಮೇಲೆ ಪರೀಕ್ಷೆಗಳನ್ನು ತಿದ್ದಿದರು. ಇಂದಿನವು ನಂಬಿಕೆಗೆ ಅರ್ಹವಾದವು. ನಮ್ಮ ದೇಶದಲ್ಲಿ ಸೋಂಕುಂಟೆಂದು ಹೇಳುವ ಮುನ್ನ ಬೇರೆಬೇರೆ ಬಗೆಯ ಮೂರು ಪರೀಕ್ಷೆಗಳನ್ನು ನಡೆಸುತ್ತಾರೆ.

ರಕ್ತದಲ್ಲಿರುವ ವೈರಾಣುಗಳನ್ನು ಎಣಿಸುವ ಪರೀಕ್ಷೆಯದು ಇನ್ನೊಂದು ತೊಡಕು. ಅದು ವೈರಾಣುವಿನ ಗ್ರಂಥದಲ್ಲಿ ಗೊತ್ತಾದ ಒಂದು ಸಾಲನ್ನು ಹುಡುಕುತ್ತದೆ. ಆ ಸಾಲಿನಲ್ಲಿ ಪಾಠಭೇದವಿದ್ದರೆ ಎಣಿಕೆ ಕಡಿಮೆಯಾಗುತ್ತದೆ. ಮೊದಮೊದಲ ಪರೀಕ್ಷೆಗಳು ಅಮೆರಿಕ, ಯೂರೋಪುಗಳ ಬಿ ಉಪವರ್ಗವನ್ನು ನೋಡಿ ರಚಿತವಾದವು, ಎ ಮೊದಲಾದವುಗಳ ಎಣಿಕೆಯಲ್ಲಿ ತಪ್ಪಿದವು, ಅವನ್ನೂ ತಿದ್ದಬೇಕಾಯಿತು. ಎಚ್‌ಐವಿ-೧ ಅನ್ನು ಎಣಿಸುವ ಪರೀಕ್ಷೆಗೆ ಎಚ್‌ಐವಿ-೨ ಇಂದಿಗೂ ಕಾಣುವುದೇ ಇಲ್ಲ. ನೆವಿರಾಪಿನ್, ಎಫಾವಿರೆಂಜ್ ಎಂಬ ಔಷಧಿಗಳಿಗಂತೂ ಅದು ಹುಟ್ಟಿನಿಂದಲೇ ಜಗ್ಗದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈ ತೊಡಕಿಗೆ ಸಿಕ್ಕಿ ಬಳಲಿದವನು. ಹಲವು ವರ್ಷಗಳ ಹಿಂದೆ, ಮಾತ್ರೆ ನುಂಗುತ್ತಿದ್ದರೂ ಅವನ ಮೈ ಇಳಿಯುತ್ತಲೇ ಹೋಯಿತು. ರೋಗನಿರೋಧಕ ಕೋಶಗಳ ಎಣಿಕೆ ಕುಸಿಯಿತು. “ನೀನು ಮಾತ್ರೆ ತಪ್ಪಿಸುತ್ತೀಯೆ” ಎಂದು ಆಸ್ಪತ್ರೆಯಲ್ಲಿ ಎಲ್ಲರೆದುರಿಗೆ ಗದರಿಸಿದರಂತೆ. ಮಾತ್ರೆ ತೆಗೆದುಕೊಂಡ ದಿನ, ಗಂಟೆಗಳನ್ನೆಲ್ಲ ಗುರುತು ಹಾಕಿದ ಪುಸ್ತಕವನ್ನು ನನ್ನ ಮುಂದಿಟ್ಟು, “ಸಾರ್, ರೋಗಕ್ಕಿಂತ ಆ ಮಾತೇ ಹೆಚ್ಚು ನೋಯಿಸಿತು” ಎಂದನು. ಕಡೆಗೆ ವೈರಾಣುವಿನ ಎಣಿಕೆ ಮಾಡಿಸಿದಾಗ ಬಂದ ಉತ್ತರ ಸೊನ್ನೆ. ರಕ್ತದಲ್ಲಿ ವೈರಾಣುವಿಲ್ಲ, ಆದರೂ ದೇಹ ಸವೆಯುತ್ತಿದೆ! ಈ ವೈರುಧ್ಯದ ಮುಂದೆ ನಿಂತು ಯೋಚಿಸಿದ ಇನ್ನೊಬ್ಬ ವೈದ್ಯರು ಜಾತಿಯನ್ನು ಗುರುತಿಸುವ ಪರೀಕ್ಷೆ ಮಾಡಿಸಿದರು. ಅದು ಎಚ್‌ಐವಿ-೨. ಔಷಧಿ ಬದಲಾಯಿತು, ಹುಡುಗ ಚೇತರಿಸಿಕೊಂಡನು. ಅವನ ಪುಸ್ತಕದಲ್ಲಿ ತಪ್ಪಿರಲಿಲ್ಲ. ಓದಬೇಕಾದ ಪ್ರತಿಯೇ ಬೇರೆಯಾಗಿತ್ತು.

ಭಾರತದಲ್ಲಿ ಎಚ್‌ಐವಿ-೨ ವಿರಳ. ೧೯೮೬ರಲ್ಲಿ ಮದರಾಸಿನಲ್ಲಿ ಸುನೀತಿ ಸಾಲೊಮನ್ ಮತ್ತು ನಿರ್ಮಲಾ ಅವರು ನಮ್ಮ ದೇಶದ ಮೊದಲ ಸೋಂಕುಗಳನ್ನು ಕಂಡುಹಿಡಿದರು. ಇಲ್ಲಿ ಹೆಚ್ಚಾಗಿ ಹರಡಿರುವುದು ಸಿ ಉಪವರ್ಗ. ಜಗತ್ತಿನ ಸೋಂಕಿನಲ್ಲಿ ಸುಮಾರು ಅರ್ಧ ಪಾಲು ಇದರದೇ. ಆದರೆ ಬಹುಕಾಲ ಪ್ರಯೋಗಶಾಲೆಗಳು ಹೆಚ್ಚಾಗಿ ಅಭ್ಯಸಿಸಿದುದು ಬಿ ಉಪವರ್ಗವನ್ನು. ಈ ಕೊರತೆಯನ್ನು ತುಂಬುವ ಕೆಲಸ ನಮ್ಮ ಬೆಂಗಳೂರಿನಲ್ಲಿಯೂ ನಡೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ಸಿ ಉಪವರ್ಗವನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸಿತು. ವಂಶವಾಹಿಗಳನ್ನು ಎಚ್ಚರಿಸುವ ಒಂದು ಬಗೆಯ ಗುರುತು ಬಿ ಉಪವರ್ಗದಲ್ಲಿ ಸಾಮಾನ್ಯವಾಗಿ ಎರಡಿದ್ದರೆ, ಸಿ ಉಪವರ್ಗದಲ್ಲಿ ಮೂರು. ನಾಲ್ಕುಳ್ಳ ಪ್ರತಿಗಳೂ ಭಾರತದಲ್ಲಿವೆಯೆಂದು ಅವರು ತೋರಿಸಿದರು.

ನಿರಾಶರಾಗಲು ಕಾರಣವಿಲ್ಲ. ೨೦೦೪ರಿಂದ ಸರ್ಕಾರವು ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಮೊದಲ ಆಯ್ಕೆಯೆಂದು ಎತ್ತಿಹಿಡಿದ ಡೊಲುಟೆಗ್ರಾವಿರ್, ಎರಡು ಜಾತಿಗಳ ಮೇಲೆಯೂ ಕೆಲಸ ಮಾಡುತ್ತದೆ. ಇಂದು ನಮ್ಮಲ್ಲಿಯೂ ಅದು ದೊರೆಯುತ್ತದೆ. ಲಸಿಕೆ ಮಾತ್ರ ಇನ್ನೂ ಕೈಗೆಟುಕಿಲ್ಲ. ಸಿ ಉಪವರ್ಗವನ್ನೇ ಕುರಿತು ದಕ್ಷಿಣ ಆಫ್ರಿಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದನ್ನು ಫಲ ಕಾಣದೆ ೨೦೨೦ರಲ್ಲಿ ನಿಲ್ಲಿಸಿದರು.

ಸೋಂಕಿತರನ್ನು ಭೇದದಿಂದ ಕಾಣಬಾರದೆಂದು ೨೦೧೭ರ ಕಾಯಿದೆ ವಿಧಿಸಿದೆ. ಕಾಯಿದೆ ತಲಪದ ಒಂದು ಎಡೆಯುಂಟು. ಅದು ಔಷಧಿ ಫಲಿಸದಿದ್ದಾಗ ರೋಗಿಯ ಮೇಲೆ ಬೀಳುವ ಮೊದಲ ಸಂಶಯ. ಮಾತ್ರೆ ತಪ್ಪಿಸುವವರು ಇಲ್ಲವೆಂದಲ್ಲ, ಅವರನ್ನು ವಿಚಾರಿಸಲೇಬೇಕು. ಆದರೆ ವಿಚಾರಣೆ ಬೇರೆ, ತೀರ್ಪು ಬೇರೆ. ಅರ್ಥವಾಗದ ಪದ್ಯ ಎದುರಾದಾಗ ಒಳ್ಳೆಯ ಸಂಪಾದಕನು ಕವಿಯನ್ನು ದೂರುವುದಿಲ್ಲ. ಇನ್ನೊಂದು ಪ್ರತಿಯನ್ನು ತರಿಸಿ ನೋಡುತ್ತಾನೆ. ರೋಗಿಯ ಹಾಸಿಗೆಯ ಬಳಿಯಲ್ಲಿ ನಿಂತವರಿಗೂ ಅಷ್ಟು ತಾಳ್ಮೆ ಒದಗಿಬರಲಿ.