ಶನಿವಾರ ವಾಡಾದ ಭೂತಕಥೆಗಳು

ಶನಿವಾರ ವಾಡಾದ ಭೂತಕಥೆಗಳು ಮಹಾರಾಷ್ಟ್ರದ ಪುಣೆ ನಗರದಲ್ಲಿರುವ ಪೇಶ್ವೆಗಳ ಕೋಟೆ-ಅರಮನೆಯಾದ ಶನಿವಾರ ವಾಡಾವನ್ನು ಕುರಿತು ಜನರ ಬಾಯಲ್ಲಿ ಉಳಿದುಬಂದಿರುವ ದಂತಕಥೆಗಳಾಗಿವೆ. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 1773ರಲ್ಲಿ ಇದೇ ಅರಮನೆಯೊಳಗೆ ಕೊಲೆಯಾದ ಐದನೆಯ ಪೇಶ್ವೆ ನಾರಾಯಣರಾವನ ಪ್ರೇತದ ಕಥೆ. ಹುಣ್ಣಿಮೆಯ ರಾತ್ರಿಗಳಲ್ಲಿ ಕೋಟೆಯ ಒಳಗಿನಿಂದ "ಕಾಕಾ, ಮಲಾ ವಾಚವಾ" (ಚಿಕ್ಕಪ್ಪಾ, ನನ್ನನ್ನು ಕಾಪಾಡು) ಎಂಬ ಕೂಗು ಕೇಳಿಬರುತ್ತದೆ ಎಂಬುದು ಈ ಕಥೆಯ ತಿರುಳು. ಭಾರತದ ಹಲವು ಹಳೆಯ ಕಟ್ಟಡಗಳ ಭೂತಕಥೆಗಳಿಗೆ ಖಚಿತವಾದ ಐತಿಹಾಸಿಕ ಆಧಾರ ದೊರೆಯುವುದಿಲ್ಲ. ಶನಿವಾರ ವಾಡಾದ ಕಥೆಯ ಹಿಂದಾದರೋ ದಿನಾಂಕ, ಸ್ಥಳ ಮತ್ತು ವ್ಯಕ್ತಿಗಳ ಸಹಿತ ದಾಖಲಾದ ಒಂದು ರಾಜಕೀಯ ಹತ್ಯೆಯಿದೆ. ಆದ್ದರಿಂದ ಕಥೆಯು ಇತಿಹಾಸದಿಂದ ಏನನ್ನು ಉಳಿಸಿಕೊಂಡಿದೆ, ಏನನ್ನು ಬದಲಿಸಿದೆ ಎಂಬುದನ್ನು ಇಲ್ಲಿ ಹೋಲಿಸಿ ನೋಡಲು ಸಾಧ್ಯವಾಗುತ್ತದೆ.

ಕಟ್ಟಡದ ಹಿನ್ನೆಲೆ

ಶನಿವಾರ ವಾಡಾವನ್ನು ಮರಾಠಾ ಸಾಮ್ರಾಜ್ಯದ ಪೇಶ್ವೆ ಮೊದಲನೆಯ ಬಾಜಿರಾವನು ಕಟ್ಟಿಸಿದನು. 1730ರ ಜನವರಿ 10ರಂದು ಇದರ ಶಂಕುಸ್ಥಾಪನೆ ನೆರವೇರಿತು. 1732ರ ಜನವರಿ 22ರಂದು ವಾಸ್ತುಶಾಂತಿ ನಡೆಯಿತು. ಅಂದಿನ ಗಣನೆಯಂತೆ ಈ ಎರಡೂ ದಿನಗಳು ಶನಿವಾರಗಳಾಗಿದ್ದವು. ಅರಮನೆಯ ಹೆಸರಿಗೆ ಇದೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಮರಾಠಿಯಲ್ಲಿ 'ವಾಡಾ' ಎಂದರೆ ಅಂಗಳಗಳನ್ನು ಸುತ್ತುವರಿದ ದೊಡ್ಡ ಮನೆ. ಉತ್ತರ ಕರ್ನಾಟಕದಲ್ಲಿ ಬಳಕೆಯಲ್ಲಿರುವ 'ವಾಡೆ' ಎಂಬ ಪದವೂ ಇದೇ ಅರ್ಥವನ್ನು ಕೊಡುತ್ತದೆ.

ಅರಮನೆಯ ಸುತ್ತಲೂ ಎತ್ತರವಾದ ಕೋಟೆಗೋಡೆಯಿದ್ದು, ಅದರಲ್ಲಿ ಐದು ದ್ವಾರಗಳಿವೆ: ದಿಲ್ಲಿ ದರ್ವಾಜಾ, ಮಸ್ತಾನಿ ದರ್ವಾಜಾ, ಖಿಡಕಿ ದರ್ವಾಜಾ, ಗಣೇಶ ದರ್ವಾಜಾ ಮತ್ತು ನಾರಾಯಣ ದರ್ವಾಜಾ. ಉತ್ತರಾಭಿಮುಖವಾದ ದಿಲ್ಲಿ ದರ್ವಾಜಾ ಮುಖ್ಯದ್ವಾರವಾಗಿದೆ. ಆನೆಗಳಿಂದ ಬಾಗಿಲನ್ನು ಒಡೆಸಲು ಸಾಧ್ಯವಾಗದಂತೆ ಅದರ ಕದಗಳಿಗೆ ಚೂಪಾದ ಕಬ್ಬಿಣದ ಮೊಳೆಗಳನ್ನು ಜಡಿಯಲಾಗಿದೆ. ಒಳಗಿನ ಮಹಲುಗಳನ್ನು ಹೆಚ್ಚಾಗಿ ಮರ ಮತ್ತು ಇಟ್ಟಿಗೆಗಳಿಂದ ನಿರ್ಮಿಸಲಾಗಿತ್ತು.

1828ರ ಫೆಬ್ರವರಿ 27ರಂದು ಅರಮನೆಗೆ ಬೆಂಕಿ ಬಿದ್ದಿತು. ಏಳು ದಿನಗಳ ಕಾಲ ಉರಿದ ಈ ಬೆಂಕಿಯಲ್ಲಿ ಒಳಗಿನ ಮಹಲುಗಳು ಸಂಪೂರ್ಣವಾಗಿ ನಾಶವಾದವು. ಕೋಟೆಗೋಡೆ, ದ್ವಾರಗಳು ಮತ್ತು ಕಟ್ಟಡಗಳ ತಳಪಾಯಗಳಷ್ಟೇ ಉಳಿದುಕೊಂಡವು.

ನಾರಾಯಣರಾವನ ಕೊಲೆ

ಪಾಣಿಪತ್ ಯುದ್ಧದ (1761) ಸೋಲಿನ ನಂತರ ಮರಾಠಾ ರಾಜ್ಯವನ್ನು ಮತ್ತೆ ಕಟ್ಟಿ ನಿಲ್ಲಿಸಿದ ಪೇಶ್ವೆ ಮೊದಲನೆಯ ಮಾಧವರಾವನು 1772ರ ನವೆಂಬರ್ 18ರಂದು ಕ್ಷಯರೋಗದಿಂದ ತೀರಿಕೊಂಡನು. ಅವನಿಗೆ ಮಕ್ಕಳಿರಲಿಲ್ಲ. ಹದಿನೇಳು ವರ್ಷದ ತಮ್ಮ ನಾರಾಯಣರಾವನು ಪೇಶ್ವೆಯಾದನು. ಅವರ ಚಿಕ್ಕಪ್ಪ ರಘುನಾಥರಾವನು (ರಾಘೋಬಾ) ಅನುಭವಿ ಸೇನಾನಿಯಾಗಿದ್ದು, ಪೇಶ್ವೆ ಪದವಿಯ ಮೇಲೆ ಬಹುಕಾಲದಿಂದ ಕಣ್ಣಿಟ್ಟಿದ್ದನು. ಮಾಧವರಾವನ ಕಾಲದಲ್ಲಿಯೇ ಅವನು ಬಂಡೆದ್ದು ಸೆರೆಯಲ್ಲಿದ್ದನು. ನಾರಾಯಣರಾವನ ಆಳ್ವಿಕೆಯಲ್ಲಿಯೂ ಅವನನ್ನು ಶನಿವಾರ ವಾಡಾದಲ್ಲಿಯೇ ಕಾವಲಿನಲ್ಲಿ ಇರಿಸಲಾಯಿತು.

ಅರಮನೆಯ ಕಾವಲಿಗೆ 'ಗಾರ್ದಿ' ಎಂದು ಕರೆಯಲಾಗುತ್ತಿದ್ದ ಬಾಡಿಗೆ ಕಾಲಾಳುಗಳನ್ನು ನೇಮಿಸಲಾಗಿತ್ತು. ಇವರು ವಂಶನಿಷ್ಠೆಗಿಂತ ಸಂಬಳಕ್ಕಾಗಿ ದುಡಿಯುತ್ತಿದ್ದ ಸೈನಿಕರಾಗಿದ್ದರು. ಬಾಕಿ ಸಂಬಳದ ವಿಷಯದಲ್ಲಿ ಅವರಲ್ಲಿ ಅಸಮಾಧಾನ ಬೆಳೆದಿತ್ತು. ರಘುನಾಥರಾವನ ಪಕ್ಷದವರು ಗಾರ್ದಿಗಳ ನಾಯಕರಾದ ಸುಮೇರ್ ಸಿಂಗ್ ಮತ್ತಿತರರೊಂದಿಗೆ ಒಳಸಂಚು ನಡೆಸಿದರು.

1773ರ ಆಗಸ್ಟ್ 30ರಂದು, ಗಣೇಶೋತ್ಸವದ ದಿನಗಳಲ್ಲಿ, ಹಾಡಹಗಲೇ ಗಾರ್ದಿಗಳು ಶಸ್ತ್ರಸಜ್ಜಿತರಾಗಿ ಅರಮನೆಯೊಳಗೆ ನುಗ್ಗಿದರು. ನಾರಾಯಣರಾವನು ಜೀವ ಉಳಿಸಿಕೊಳ್ಳಲು ಚಿಕ್ಕಪ್ಪನ ಕೋಣೆಗೆ ಓಡಿ ಅವನನ್ನು ತಬ್ಬಿಕೊಂಡನೆಂದೂ, ಅವನನ್ನು ಅಲ್ಲಿಂದ ಎಳೆದು ಕತ್ತಿಯಿಂದ ಕಡಿಯಲಾಯಿತೆಂದೂ ವೃತ್ತಾಂತಗಳು ತಿಳಿಸುತ್ತವೆ. ಅವನನ್ನು ರಕ್ಷಿಸಲು ಅಡ್ಡಬಂದ ಚಾಪಾಜಿ ಟಿಳೇಕರ ಎಂಬ ಸೇವಕನೂ ಹತನಾದನು. ಮರಾಠರ ಇತಿಹಾಸವನ್ನು ಬರೆದ ಗೋವಿಂದ ಸಖಾರಾಮ ಸರದೇಸಾಯಿ ಅವರ ಪ್ರಕಾರ ಅಂದು ಒಟ್ಟು ಹನ್ನೊಂದು ಜನರು ಸತ್ತರು. ಅವರಲ್ಲಿ ಇಬ್ಬರು ದಾಸಿಯರೂ ಇದ್ದರು. ನಾರಾಯಣರಾವನ ಶವವನ್ನು ಅದೇ ರಾತ್ರಿ ಗುಟ್ಟಾಗಿ ಮುಠಾ ನದಿಯ ದಡದಲ್ಲಿ ದಹಿಸಲಾಯಿತು. ಅವನಿಗೆ ಆಗಷ್ಟೇ ಹದಿನೆಂಟು ವರ್ಷ ತುಂಬಿತ್ತು. ಪತ್ನಿ ಗಂಗಾಬಾಯಿ ಗರ್ಭಿಣಿಯಾಗಿದ್ದಳು.

ಪ್ರಮುಖ ದಂತಕಥೆಗಳು

ನೆರವಿನ ಕೂಗು: ನಾರಾಯಣರಾವನು ಓಡುತ್ತಾ ಕೂಗಿದ ಮಾತು ಇಂದಿಗೂ ರಾತ್ರಿಯ ವೇಳೆ ಕೇಳಿಸುತ್ತದೆ ಎಂಬುದು ಪುಣೆಯಲ್ಲಿ ಮನೆಮಾತಾಗಿರುವ ಕಥೆ. ಹೆಚ್ಚಿನ ಪಾಠಗಳಲ್ಲಿ ಇದು ಹುಣ್ಣಿಮೆಯಂದು ನಡೆಯುತ್ತದೆ. ಕೆಲವು ಪಾಠಗಳಲ್ಲಿ ಅಮಾವಾಸ್ಯೆಯಂದು. ಈ ಕಥೆಯ ಒಂದು ವೈಶಿಷ್ಟ್ಯವೆಂದರೆ ಪ್ರೇತವು ಯಾರಿಗೂ ಕೇಡು ಮಾಡುವುದಿಲ್ಲ, ಸೇಡಿಗಾಗಿ ಅಲೆಯುವುದೂ ಇಲ್ಲ. ತನ್ನನ್ನು ಕೊಲ್ಲಿಸಿದವನೆಂದು ಲೋಕವೇ ನಂಬಿರುವ ವ್ಯಕ್ತಿಯಲ್ಲಿಯೇ ಅದು ರಕ್ಷಣೆ ಬೇಡುತ್ತದೆ. ಕಥೆಯ ಕರುಣರಸವು ಈ ವಿಪರ್ಯಾಸದಲ್ಲಿ ಅಡಗಿದೆ.

'ಧ'ಕಾರವು 'ಮಾ' ಆದ ಕಥೆ: ರಘುನಾಥರಾವನು ಗಾರ್ದಿಗಳಿಗೆ ಬರೆದ ಚೀಟಿಯಲ್ಲಿ ನಾರಾಯಣರಾವನನ್ನು 'ಧರಾವೇ' (ಹಿಡಿಯಬೇಕು) ಎಂದಷ್ಟೇ ಇತ್ತು, ಅವನ ಹೆಂಡತಿ ಆನಂದಿಬಾಯಿಯು ಒಂದಕ್ಷರವನ್ನು ತಿದ್ದಿ ಅದನ್ನು 'ಮಾರಾವೇ' (ಕೊಲ್ಲಬೇಕು) ಎಂದು ಮಾಡಿದಳು ಎಂಬುದು ಈ ಕಥೆ. ಇದರಿಂದ 'ಧ ಚಾ ಮಾ ಕರಣೆ', ಅಂದರೆ 'ಧ'ವನ್ನು 'ಮಾ' ಮಾಡುವುದು, ಎಂಬ ನುಡಿಗಟ್ಟು ಮರಾಠಿಯಲ್ಲಿ ನೆಲೆಗೊಂಡಿದೆ. ಬರಹವನ್ನೋ ಮಾತನ್ನೋ ತಿರುಚಿ ಅನರ್ಥವನ್ನು ಉಂಟುಮಾಡುವುದು ಎಂಬ ಅರ್ಥದಲ್ಲಿ ಇದನ್ನು ಬಳಸುತ್ತಾರೆ.

ನಾರಾಯಣ ದರ್ವಾಜಾ: ದಕ್ಷಿಣ ದಿಕ್ಕಿನ ಈ ಬಾಗಿಲಿಗೆ ಮೊದಲು ಜಾಂಭೂಳ ದರ್ವಾಜಾ ಎಂಬ ಹೆಸರಿತ್ತು. ನಾರಾಯಣರಾವನ ದೇಹವನ್ನು ದಹನಕ್ಕಾಗಿ ಇದರ ಮೂಲಕ ಹೊರಗೆ ಸಾಗಿಸಿದ್ದರಿಂದ ಈಗಿನ ಹೆಸರು ಬಂದಿತೆಂದು ಹೇಳಲಾಗುತ್ತದೆ. ದೇಹವನ್ನು ತುಂಡುತುಂಡಾಗಿ ಕಡಿದು ಮಡಕೆಯಲ್ಲಿ ತುಂಬಿ ಒಯ್ದರೆಂಬ ಭೀಕರ ವಿವರವೂ ಜನರ ನಡುವೆ ಪ್ರಚಲಿತವಾಗಿದೆ.

ಮೊಲ ಮತ್ತು ನಾಯಿ: ಕೊಲೆಗಿಂತ ಹಿಂದಿನ ಕಾಲಕ್ಕೆ ಸಂಬಂಧಿಸಿದ ಐತಿಹ್ಯವೊಂದರ ಪ್ರಕಾರ, ಮೊಲವೊಂದು ನಾಯಿಯನ್ನು ಅಟ್ಟಿಸಿಕೊಂಡು ಹೋದುದನ್ನು ಕಂಡ ಬಾಜಿರಾವನು ಆ ನೆಲವನ್ನು ವೀರಭೂಮಿಯೆಂದು ಬಗೆದು ಅಲ್ಲಿಯೇ ಅರಮನೆ ಕಟ್ಟಲು ನಿಶ್ಚಯಿಸಿದನು. ವಿಜಯನಗರದ ಸ್ಥಾಪನೆಯ ಬಗ್ಗೆ ಹೇಳಲಾಗುವ ಹಕ್ಕ-ಬುಕ್ಕರ ಬೇಟೆಯ ಕಥೆಯಲ್ಲಿಯೂ ಇದೇ ಆಶಯವಿದೆ. ಒಂದೇ ಸ್ಥಳಕ್ಕೆ ಶುಭಶಕುನದ ಕಥೆಯೂ ಶಾಪಗ್ರಸ್ತ ಸಾವಿನ ಕಥೆಯೂ ಅಂಟಿಕೊಂಡಿರುವುದು ಶನಿವಾರ ವಾಡಾದ ಜಾನಪದದಲ್ಲಿ ಗಮನಾರ್ಹವಾಗಿದೆ.

ಸವಾಯಿ ಮಾಧವರಾವನ ಸಾವು: ಕೊಲೆಯಾದ ಪೇಶ್ವೆಯ ಮಗ ಸವಾಯಿ ಮಾಧವರಾವನೂ 1795ರ ಅಕ್ಟೋಬರ್‌ನಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಇದೇ ಅರಮನೆಯ ಮೇಲಿನಿಂದ ಕೆಳಗೆ ಬಿದ್ದು ಸತ್ತನು. ಅದು ಆತ್ಮಹತ್ಯೆಯೋ ಆಕಸ್ಮಿಕವೋ ಎಂಬ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ತಂದೆ-ಮಗ ಇಬ್ಬರೂ ಹರೆಯದಲ್ಲಿಯೇ ಒಂದೇ ಕಟ್ಟಡದಲ್ಲಿ ಅಪಮೃತ್ಯುವಿಗೆ ಈಡಾದುದು ಹಾಗೂ ಮುಂದೆ ಅರಮನೆಯೇ ಸುಟ್ಟುಹೋದುದು 'ಶಾಪಗ್ರಸ್ತ ವಾಡಾ' ಎಂಬ ನಂಬಿಕೆಯನ್ನು ಬಲಪಡಿಸಿದವು.

ವಿಚಾರಣೆ ಮತ್ತು ರಾಜಕೀಯ ಪರಿಣಾಮಗಳು

ಕೊಲೆಯ ನಂತರ ರಘುನಾಥರಾವನು ತಾನೇ ಪೇಶ್ವೆಯಾದನು. ಪುಣೆಯ ಮುಖ್ಯ ನ್ಯಾಯಾಧೀಶರಾಗಿದ್ದ ರಾಮಶಾಸ್ತ್ರಿ ಪ್ರಭುಣೆ ಅವರು ಪ್ರಕರಣವನ್ನು ವಿಚಾರಣೆ ಮಾಡಿ, ಅಧಿಕಾರದಲ್ಲಿದ್ದ ರಘುನಾಥರಾವನೇ ಅಪರಾಧಿಯೆಂದು ಅವನ ಎದುರಿನಲ್ಲಿಯೇ ತಿಳಿಸಿದರು. ಈ ಪಾಪಕ್ಕೆ ದೇಹಾಂತವೊಂದೇ ಪ್ರಾಯಶ್ಚಿತ್ತವೆಂದು ಅವರು ನುಡಿದರೆಂಬುದು ಪರಂಪರೆಯ ಹೇಳಿಕೆ. ಬಳಿಕ ಅವರು ಹುದ್ದೆಯನ್ನು ತೊರೆದು ಪುಣೆಯಿಂದ ಹೊರಟುಹೋದರು. ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯು 1944ರಲ್ಲಿ ಅವರ ಜೀವನವನ್ನು ಆಧರಿಸಿ 'ರಾಮಶಾಸ್ತ್ರಿ' ಎಂಬ ಚಲನಚಿತ್ರವನ್ನು ನಿರ್ಮಿಸಿತು.

ನಾನಾ ಫಡ್ನವೀಸ, ಸಖಾರಾಮ ಬಾಪು ಮೊದಲಾದ ಮುತ್ಸದ್ದಿಗಳು 'ಬಾರಭಾಯಿ' ಎಂಬ ಕೂಟವನ್ನು ರಚಿಸಿಕೊಂಡು ಗಂಗಾಬಾಯಿಯನ್ನು ಪುರಂದರ ಕೋಟೆಯಲ್ಲಿ ಸುರಕ್ಷಿತವಾಗಿ ಇರಿಸಿದರು. 1774ರ ಏಪ್ರಿಲ್ 18ರಂದು ಅವಳು ಗಂಡುಮಗುವಿಗೆ ಜನ್ಮವಿತ್ತಳು. ಕೂಟವು ಆ ಶಿಶುವನ್ನೇ ಪೇಶ್ವೆಯೆಂದು ಘೋಷಿಸಿತು. ಅಧಿಕಾರವನ್ನು ಕಳೆದುಕೊಂಡ ರಘುನಾಥರಾವನು ಇಂಗ್ಲಿಷರ ಮೊರೆಹೊಕ್ಕು 1775ರಲ್ಲಿ ಸೂರತ್ ಒಪ್ಪಂದವನ್ನು ಮಾಡಿಕೊಂಡನು. ಇದು ಮೊದಲನೆಯ ಆಂಗ್ಲೋ-ಮರಾಠಾ ಯುದ್ಧಕ್ಕೆ ದಾರಿಮಾಡಿತು. ಯುದ್ಧವು 1782ರ ಸಾಲ್‌ಬಾಯಿ ಒಪ್ಪಂದದೊಂದಿಗೆ ಕೊನೆಗೊಂಡಿತು. ರಘುನಾಥರಾವನು 1783ರಲ್ಲಿ ತೀರಿಕೊಂಡನು. ರಾಮಶಾಸ್ತ್ರಿಗಳು ಹೇಳಿದ ಶಿಕ್ಷೆ ಅವನಿಗೆ ಆಗಲೇ ಇಲ್ಲ. ಅವನ ಮಗ ಎರಡನೆಯ ಬಾಜಿರಾವನೇ ಮುಂದೆ ಕೊನೆಯ ಪೇಶ್ವೆಯಾಗಿ 1818ರಲ್ಲಿ ಇಂಗ್ಲಿಷರಿಗೆ ಶರಣಾದನು.

ಈ ಕೊಲೆಯ ಪರಿಣಾಮ ಕರ್ನಾಟಕದ ಮೇಲೂ ಆಯಿತು. ಮಾಧವರಾವನ ದಂಡಯಾತ್ರೆಗಳಲ್ಲಿ ಮೈಸೂರಿನ ಹೈದರಾಲಿಯು ಹಲವು ಪ್ರದೇಶಗಳನ್ನು ಮರಾಠರಿಗೆ ಬಿಟ್ಟುಕೊಡಬೇಕಾಗಿತ್ತು. ಪುಣೆಯ ಆಂತರಿಕ ಕಲಹದ ಅವಕಾಶವನ್ನು ಬಳಸಿಕೊಂಡು ಅವನು ಅವುಗಳನ್ನು ಮರಳಿ ಪಡೆದುಕೊಂಡನು.

ಕಥೆ ಮತ್ತು ಇತಿಹಾಸ

ದಂತಕಥೆಯನ್ನು ಐತಿಹಾಸಿಕ ವಿವರಗಳೊಂದಿಗೆ ಹೋಲಿಸಿದಾಗ ಹಲವು ವ್ಯತ್ಯಾಸಗಳು ಕಂಡುಬರುತ್ತವೆ. ಕಥೆಯ ಕೂಗು ರಾತ್ರಿಯದು. ಕೊಲೆ ನಡೆದುದು ಹಗಲಿನಲ್ಲಿ. ಅನೇಕ ಪಾಠಗಳಲ್ಲಿ ನಾರಾಯಣರಾವನು ಎಳೆಯ ಬಾಲಕನಾಗಿದ್ದಾನೆ. ವಾಸ್ತವದಲ್ಲಿ ಅವನು ತಂದೆಯಾಗಲಿದ್ದ ಯುವಕನಾಗಿದ್ದನು. ಪ್ರೇತವು ಓಡುತ್ತದೆ ಎನ್ನಲಾಗುವ ಕೋಣೆಗಳು ಮತ್ತು ಪಡಸಾಲೆಗಳು 1828ರ ಬೆಂಕಿಯಲ್ಲಿಯೇ ಇಲ್ಲವಾದವು. ಹುಣ್ಣಿಮೆಯ ಉಲ್ಲೇಖಕ್ಕೆ ಮಾತ್ರ ಸ್ವಲ್ಪ ಆಧಾರವಿದೆ. ಕೊಲೆ ನಡೆದುದು ಭಾದ್ರಪದ ಶುಕ್ಲಪಕ್ಷದ ಕೊನೆಯಲ್ಲಿ. ಹುಣ್ಣಿಮೆಗೆ ಒಂದೆರಡು ದಿನಗಳಷ್ಟೇ ಉಳಿದಿದ್ದವು.

ಆನಂದಿಬಾಯಿಯ ಕಥೆಯಲ್ಲಿ ವ್ಯತ್ಯಾಸವು ಇನ್ನೂ ಗಂಭೀರವಾದುದು. ಕೊಲೆಯ ಹಿಂದೆ ಉತ್ತರಾಧಿಕಾರದ ವಿವಾದ, ಚಿಕ್ಕಪ್ಪನ ಸೆರೆವಾಸ, ದರ್ಬಾರಿನ ಪಕ್ಷಗಳು ಹಾಗೂ ಸೈನಿಕರ ಸಂಬಳದ ಅಸಮಾಧಾನ ಇವೆಲ್ಲವೂ ಸೇರಿದ್ದವು. ಒಂದಕ್ಷರದ ಕಥೆಯು ಇವೆಲ್ಲವನ್ನೂ ಬದಿಗೆ ಸರಿಸಿ ಹೊಣೆಯನ್ನು ಒಬ್ಬ ಹೆಂಗಸಿನ ಲೇಖನಿಯ ಮೇಲೆ ಹೊರಿಸುತ್ತದೆ. ರಘುನಾಥರಾವನ ಅಪರಾಧವನ್ನು ಬರಿಯ ಬಂಧನದ ಆಜ್ಞೆಗೆ ಇಳಿಸುತ್ತದೆ. ರಾಮಶಾಸ್ತ್ರಿಗಳಾದರೋ ದೋಷವನ್ನು ಹೊರಿಸಿದುದು ರಘುನಾಥರಾವನ ಮೇಲೆ. ನೆನಪಿನ ಈ ಎರಡು ಧಾರೆಗಳು ಮರಾಠಿ ಸಂಸ್ಕೃತಿಯಲ್ಲಿ ಅಕ್ಕಪಕ್ಕದಲ್ಲಿಯೇ ಹರಿದುಬಂದಿವೆ: ಒಂದು ನುಡಿಗಟ್ಟಾಗಿ, ಇನ್ನೊಂದು ನ್ಯಾಯನಿಷ್ಠೆಯ ಆದರ್ಶವಾಗಿ.

ಇಷ್ಟಾದರೂ ಭೂತಕಥೆಯು ಒಂದು ಸತ್ಯಾಂಶವನ್ನು ಬಿಟ್ಟುಕೊಟ್ಟಿಲ್ಲ. ಕೊಲೆಯಲ್ಲಿ ಕೈಯಾಡಿಸಿದ ಕೆಲವರಿಗೆ ಮುಂದೆ ಶಿಕ್ಷೆಯಾಯಿತಾದರೂ, ಯಾರ ಹೆಸರನ್ನು ತೀರ್ಪು ಹೇಳಿತ್ತೋ ಅವನು ಶಿಕ್ಷೆಯಿಂದ ತಪ್ಪಿಸಿಕೊಂಡನು. ಕೂಗು ಇಂದಿಗೂ 'ಕಾಕಾ' ಎಂದೇ ಆರಂಭವಾಗುತ್ತದೆ. ಹೀಗೆ ಜನರ ಕಥೆಯು ಆಪಾದಿತನ ಹೆಸರು ಹೇಳದೆಯೇ ಸಂಬಂಧದ ಮೂಲಕ ಅವನನ್ನು ಗುರುತಿಸುತ್ತಾ ಬಂದಿದೆ. ಅದೇ ಹೊತ್ತಿಗೆ, ಅಂದು ಸತ್ತ ಸೇವಕರು ಮತ್ತು ದಾಸಿಯರ ಬಗ್ಗೆ ಅಂತಹ ಪ್ರಸಿದ್ಧ ಕಥೆ ಬೆಳೆದಿಲ್ಲ. ಪ್ರೇತದ ನೆನಪು ಪೇಶ್ವೆಯೊಬ್ಬನಿಗೆ ಮೀಸಲಾಗಿದೆ.

ಇಂದಿನ ಸ್ಥಿತಿ

ಶನಿವಾರ ವಾಡಾವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದೆ. ದಿಲ್ಲಿ ದರ್ವಾಜಾದ ಮುಂದೆ ಮೊದಲನೆಯ ಬಾಜಿರಾವನ ಅಶ್ವಾರೂಢ ಪ್ರತಿಮೆಯಿದೆ. ಒಳಗೆ ಉದ್ಯಾನ, ಮಹಲುಗಳ ತಳಪಾಯಗಳು ಮತ್ತು ಕಮಲದ ಆಕಾರದ 'ಹಜಾರಿ ಕಾರಂಜಿ'ಯ ಅವಶೇಷಗಳನ್ನು ನೋಡಬಹುದು. ಸಂಜೆಯ ಹೊತ್ತಿನಲ್ಲಿ ಇಲ್ಲಿ ಧ್ವನಿ-ಬೆಳಕಿನ ಪ್ರದರ್ಶನವನ್ನು ಏರ್ಪಡಿಸಲಾಗುತ್ತಿತ್ತು. ಇತರ ಸಂರಕ್ಷಿತ ಸ್ಮಾರಕಗಳಂತೆ ಇದನ್ನೂ ರಾತ್ರಿ ಮುಚ್ಚಲಾಗುತ್ತದೆ. ಈ ಸಾಮಾನ್ಯ ನಿಯಮವನ್ನೇ ಭೂತದ ಭಯದಿಂದ ಮಾಡಿದುದೆಂದು ಪ್ರವಾಸಿ ಬರಹಗಳಲ್ಲಿ ಕೆಲವೊಮ್ಮೆ ಅರ್ಥೈಸಲಾಗುತ್ತದೆ. 'ಭಾರತದ ಭಯಾನಕ ಸ್ಥಳಗಳು' ಎಂಬ ಬಗೆಯ ಪಟ್ಟಿಗಳಲ್ಲಿ ಶನಿವಾರ ವಾಡಾದ ಹೆಸರು ಆಗಾಗ ಕಾಣಿಸಿಕೊಳ್ಳುತ್ತದೆ.