ಮೂರು ದಳ, ಒಂದು ಎಲೆ

ಶಿವಪೂಜೆಯಲ್ಲಿ ಮೂರು ದಳಗಳು ಕೂಡಿದ್ದರೆ ಮಾತ್ರ ಅದನ್ನು ಒಂದು ಬಿಲ್ವಪತ್ರೆಯೆಂದು ಎಣಿಸುವ ರೂಢಿಯಿದೆ. ಸಸ್ಯಶಾಸ್ತ್ರದ ಎಣಿಕೆಯೂ ಇದೇ ಆಗಿದೆ. ನೋಟಕ್ಕೆ ಮೂರು ಎಲೆಗಳಂತೆ ತೋರುವ ಭಾಗಗಳು ಒಂದೇ ಎಲೆಯ ಮೂರು ಕಿರುಎಲೆಗಳಾಗಿದ್ದು, ಹೀಗೆ ಬಿಡಿಬಿಡಿಯಾಗಿ ಸೀಳಿಕೊಂಡ ಎಲೆಯನ್ನು ಸಂಯುಕ್ತ ಪರ್ಣವೆಂದು ಕರೆಯುತ್ತಾರೆ. ಇದನ್ನು ಗುರುತಿಸಲು ಯಾವ ಉಪಕರಣವೂ ಬೇಕಿಲ್ಲ. ಎಲೆಯ ತೊಟ್ಟು ಕೊಂಬೆಗೆ ಕೂಡುವ ಮೂಲೆಯಲ್ಲಿ, ಅಂದರೆ ಎಲೆಯ ಕಂಕುಳಲ್ಲಿ, ಮುಂದೆ ಚಿಗುರಾಗಿಯೋ ಹೂವಾಗಿಯೋ ಬೆಳೆಯುವ ಮೊಗ್ಗು ಇರುತ್ತದೆ. ಕಿರುಎಲೆಗಳ ಬುಡದಲ್ಲಿ ಅಂತಹ ಮೊಗ್ಗು ಇರುವುದಿಲ್ಲ.

ಕಣಗಿಲೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅದರ ಕೊಂಬೆಯ ಒಂದೊಂದು ಗೆಣ್ಣಿನಲ್ಲಿ ಸಾಮಾನ್ಯವಾಗಿ ಮೂರು ಎಲೆಗಳು ಸುತ್ತಾಗಿ ಹೊರಡುತ್ತವೆಯಾದರೂ, ಪ್ರತಿಯೊಂದಕ್ಕೂ ತನ್ನದೇ ತೊಟ್ಟು, ತನ್ನದೇ ಕಂಕುಳು ಇರುವುದರಿಂದ ಅವು ನಿಜಕ್ಕೂ ಮೂರು ಎಲೆಗಳೇ.

ತ್ರಿದಳದ ಎಲೆಗಳು ಹೆಚ್ಚಾಗಿ ಕಾಣುವುದು ದ್ವಿದಳ ಧಾನ್ಯಗಳ ಕುಟುಂಬದಲ್ಲಿ. ತೊಗರಿ, ಅವರೆ, ಹುರುಳಿ, ಅಲಸಂದೆ, ಹೆಸರು, ಉದ್ದು, ಮೆಂತ್ಯ ಎಲ್ಲವೂ ಈ ಬಗೆಯವೇ ಆಗಿದ್ದು, ಕರ್ನಾಟಕದ ಒಣಬೇಸಾಯದ ಹೊಲವೊಂದರಲ್ಲಿ ನಿಂತವರ ಸುತ್ತಲೂ ತ್ರಿದಳಗಳೇ ಇರುತ್ತವೆಂದರೆ ತಪ್ಪಾಗದು. ಇವುಗಳಲ್ಲಿ ತೊಗರಿ, ಅಲಸಂದೆಗಳ ಮೊಳಕೆಯನ್ನು ಗಮನಿಸುವುದು ಒಳ್ಳೆಯದು: ಬೀಜದಳಗಳ ನಂತರ ಎದುರುಬದುರಾಗಿ ಮೂಡುವ ಮೊದಲ ಜೋಡಿ ಎಲೆಗಳು ಸೀಳಿಲ್ಲದ ಸರಳ ಎಲೆಗಳಾಗಿದ್ದು, ಮೂರು ದಳದ ಎಲೆ ಆಮೇಲಷ್ಟೇ ಬರುತ್ತದೆ. ಇದೇ ಕುಟುಂಬದ ಮುತ್ತುಗದಲ್ಲಿ ಕಿರುಎಲೆಗಳೇ ಅಂಗೈಯಗಲಕ್ಕಿಂತ ದೊಡ್ಡವಾಗಿ ಬೆಳೆಯುವುದರಿಂದ, ಅವನ್ನು ಕಡ್ಡಿಯಿಂದ ಚುಚ್ಚಿ ಊಟದ ಎಲೆ ಮಾಡಲು ಸಾಧ್ಯವಾಗಿದೆ. ಬಿಲ್ವವಾದರೋ ಈ ಕುಟುಂಬಕ್ಕೆ ಸೇರಿದ್ದಲ್ಲ. ಅದು ನಿಂಬೆ, ಕಿತ್ತಳೆಗಳ ಬಂಧು. ಸಂಬಂಧವಿಲ್ಲದ ಕುಲಗಳಲ್ಲಿ ತ್ರಿದಳ ಬೇರೆಬೇರೆಯಾಗಿ ರೂಪುಗೊಂಡಿದೆ ಎಂಬುದು ಇದರಿಂದ ತಿಳಿಯುತ್ತದೆ.

ಈ ಎಲೆಗಳ ಚಲನೆ ಇನ್ನೂ ಕುತೂಹಲಕರವಾದುದು. ಅವರೆಯ ಕಿರುಎಲೆಗಳೂ, ತೋಟದ ಕಳೆಯಾದ ಹುಳಿಸೊಪ್ಪಿನ ಕಿರುಎಲೆಗಳೂ ಸಂಜೆಯಾದೊಡನೆ ಕೆಳಕ್ಕೆ ಬಾಗುತ್ತವೆ. ಕಿರುಎಲೆಯ ಬುಡದಲ್ಲಿರುವ ಚಿಕ್ಕ ಉಬ್ಬಿನ ಒಂದು ಬದಿಯ ಜೀವಕೋಶಗಳಿಂದ ಪೊಟ್ಯಾಸಿಯಂ ಲವಣ ಹೊರಹೋಗಿ, ಅದರ ಹಿಂದೆಯೇ ನೀರೂ ಹೊರಬಿದ್ದು ಆ ಬದಿ ಸಡಿಲಗೊಳ್ಳುವುದೇ ಇದಕ್ಕೆ ಕಾರಣ. ಚಾರ್ಲ್ಸ್ ಡಾರ್ವಿನ್ 1880ರಲ್ಲಿ ಪ್ರಕಟಿಸಿದ ಸಸ್ಯಚಲನೆಯ ಗ್ರಂಥದಲ್ಲಿ ಎಲೆಗಳ ಈ ನಿದ್ರೆಯನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಟೆಲಿಗ್ರಾಫ್ ಗಿಡವೆಂಬ ಏಷ್ಯಾದ ಸಸ್ಯದಲ್ಲಂತೂ ಅಕ್ಕಪಕ್ಕದ ಎರಡು ಪುಟ್ಟ ಕಿರುಎಲೆಗಳು ಹಗಲಿನಲ್ಲೇ, ಕಣ್ಣಿಗೆ ಕಾಣುವ ವೇಗದಲ್ಲಿ, ತಾವಾಗಿ ಏರಿಳಿಯುತ್ತವೆ. ಜಗದೀಶಚಂದ್ರ ಬೋಸರು ತಮ್ಮ ಪ್ರಯೋಗಗಳಿಗೆ ಈ ಗಿಡವನ್ನು ಆರಿಸಿಕೊಂಡದ್ದು ಸಹಜವೇ ಆಗಿತ್ತು.

ಉತ್ತರ ಅಮೆರಿಕದಲ್ಲಿ ತ್ರಿದಳ ಕಂಡರೆ ದೂರ ಸರಿಯಬೇಕೆಂದು ಮಕ್ಕಳಿಗೆ ಕಲಿಸುತ್ತಾರೆ. ಅದಕ್ಕೆ ಕಾರಣ ಪಾಯ್ಸನ್ ಐವಿ ಎಂಬ ಬಳ್ಳಿ. ಅದರಲ್ಲಿರುವ ಉರುಶಿಯಾಲ್ ಎಂಬ ಎಣ್ಣೆ ಬಹುಪಾಲು ಜನರ ಚರ್ಮದ ಮೇಲೆ ತುರಿಕೆ, ಬೊಕ್ಕೆಗಳನ್ನು ಎಬ್ಬಿಸುತ್ತದೆ. ಮಾವು, ಗೇರುಗಳ ಕುಟುಂಬಕ್ಕೇ ಸೇರಿದ ಈ ಬಳ್ಳಿಯ ಎಣ್ಣೆಗೂ ಮಾವಿನ ಸೊನೆಯ ಅಂಶಗಳಿಗೂ ರಾಸಾಯನಿಕ ಸಾಮ್ಯವಿರುವುದರಿಂದ, ಒಂದಕ್ಕೆ ಒಗ್ಗದ ಚರ್ಮಕ್ಕೆ ಇನ್ನೊಂದೂ ಒಗ್ಗದಿರಬಹುದು. ಅಲ್ಲಿ ನೆಲೆಸಿದ ಕನ್ನಡಿಗರು ಇದನ್ನು ತಿಳಿದಿರುವುದು ಅಗತ್ಯ. ಇದರ ಮಧ್ಯದ ಕಿರುಎಲೆಗೆ ಉದ್ದನೆಯ ತೊಟ್ಟಿದ್ದು, ಪಕ್ಕದವೆರಡೂ ಬುಡಕ್ಕೆ ಅಂಟಿದಂತಿರುತ್ತವೆ. ಎಲೆ ಉದುರಿದ ಚಳಿಗಾಲದಲ್ಲಿಯೂ ಕಾಂಡದಲ್ಲಿ ಎಣ್ಣೆ ಉಳಿದೇ ಇರುವುದರಿಂದ, ಆಗ ದಳಗಳ ಎಣಿಕೆಯನ್ನು ನಂಬಿ ಬರಿಯ ಬಳ್ಳಿಯನ್ನು ಮುಟ್ಟಬಾರದು.