ಕಂಪನಿ ಕಟ್ಟಿದ ಫೀಸು, ನಾವು ಬರೆದುಕೊಟ್ಟ ಬಾಂಡು

ಕೆಲಸ ಮಾಡುತ್ತಲೇ ಎಂ.ಟೆಕ್. ಅಥವಾ ಎಂಬಿಎ ಮಾಡುವವರು ಪೊವಾಯಿ, ಅಂಧೇರಿ, ಐರೋಲಿಯ ಐಟಿ ಕಚೇರಿಗಳಲ್ಲಿ ಸಾಕಷ್ಟು ಮಂದಿ ಇದ್ದಾರೆ. ಕೆಲವರ ಫೀಸನ್ನು ಕಂಪನಿಯೇ ಕಟ್ಟುತ್ತದೆ. ಪ್ರತಿಯಾಗಿ, ಕೋರ್ಸ್ ಮುಗಿದ ಮೇಲೆ ಇಂತಿಷ್ಟು ವರ್ಷ ಇಲ್ಲೇ ದುಡಿಯುತ್ತೇನೆ, ನಡುವೆ ಬಿಟ್ಟರೆ ಹಣ ಹಿಂತಿರುಗಿಸುತ್ತೇನೆ ಎಂದು ಬಾಂಡ್ ಬರೆದುಕೊಡಬೇಕು. ಸಹಿ ಹಾಕುವ ದಿನ ಅದು ಯಾರಿಗೂ ಭಾರ ಅನಿಸುವುದಿಲ್ಲ. ಒಳ್ಳೆಯ ಆಫರ್ ಬಂದಾಗ, ಅಥವಾ ಊರಲ್ಲಿ ಅಪ್ಪ-ಅಮ್ಮನ ಆರೋಗ್ಯ ಕೆಟ್ಟು ಹಿಂತಿರುಗಬೇಕಾದಾಗ ಆ ಕಾಗದ ನೆನಪಾಗುತ್ತದೆ. ಮನೆಯ ಇಎಂಐ ಕಟ್ಟುತ್ತಿರುವವರು ಒಮ್ಮೆಗೇ ಎರಡು-ಮೂರು ಲಕ್ಷ ಎಲ್ಲಿಂದ ತರಬೇಕು?

ಮುಂಬಯಿ ಕನ್ನಡಿಗರಿಗೆ ದುಡಿಯುತ್ತಾ ಓದುವುದು ಹೊಸದಲ್ಲ. ಹಗಲು ಉಡುಪಿ ಹೋಟೆಲುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತು ಮುಂದೆ ಬಂದ ಒಂದು ತಲೆಮಾರೇ ನಮ್ಮಲ್ಲಿದೆ. ಆ ಶಾಲೆಗಳ ಹಿಂದೆ ಇದ್ದದ್ದು ನಮ್ಮ ಸಂಘ-ಸಂಸ್ಥೆಗಳು. ಈಗ ಖರ್ಚು ಹಾಕುವವರು ಮಾಲೀಕರು. ಹಾಗಾಗಿ ಲೆಕ್ಕವೂ ಇರುತ್ತದೆ.

ಬಾಂಡ್ ಬಗ್ಗೆ ಕಚೇರಿಗಳಲ್ಲಿ ಎರಡು ಮಾತು ಓಡಾಡುತ್ತವೆ. 'ಕೋರ್ಟಿನಲ್ಲಿ ಅದೆಲ್ಲ ನಿಲ್ಲಲ್ಲ, ಬಿಟ್ಟು ಹೋಗು' ಎಂಬುದು ಒಂದು. 'ಸಹಿ ಹಾಕಿದೆಯಲ್ಲ, ಇನ್ನು ಅಲುಗಾಡೋ ಹಾಗಿಲ್ಲ' ಎಂಬುದು ಇನ್ನೊಂದು. ಎರಡೂ ತಪ್ಪು.

ಮೊದಲನೆಯದಕ್ಕೆ ಉತ್ತರ ನಮ್ಮ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿದೆ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಈ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಅದಕ್ಕೂ ಮುಂಚೆ, ಮೂರು ವರ್ಷ ಪೂರೈಸದೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತಿನ ಮೇಲೆ 2007ರಲ್ಲಿ ಹುದ್ದೆಗೆ ಬಂದ ಅಧಿಕಾರಿಯೊಬ್ಬರು, 2009ರಲ್ಲಿ ರಾಜೀನಾಮೆ ಕೊಟ್ಟು ಐಡಿಬಿಐ ಬ್ಯಾಂಕ್ ಸೇರಿದರು. ಆಕ್ಷೇಪ ದಾಖಲಿಸಿಯೇ ಹಣ ಕಟ್ಟಿ, ಕರ್ನಾಟಕ ಹೈಕೋರ್ಟಿಗೆ ಹೋಗಿ ಗೆದ್ದರು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಸಾರ್ವಜನಿಕ ಬ್ಯಾಂಕಿಗೆ ಹೊಸದಾಗಿ ನೇಮಕಾತಿ ನಡೆಸುವುದು ಖರ್ಚಿನ, ತಡವಾಗುವ ಕೆಲಸ; ಆ ದರ್ಜೆಯ ಅಧಿಕಾರಿಗೆ 2 ಲಕ್ಷ ಅತಿಯಾದ ಮೊತ್ತವಲ್ಲ ಎಂಬುದು ಕೋರ್ಟಿನ ನಿಲುವು. ಇದು ಓದಿನ ಖರ್ಚಿನ ಪ್ರಕರಣವಲ್ಲ ನಿಜ. ಆದರೂ ನ್ಯಾಯವಾದ ಬಾಂಡ್ ಕೋರ್ಟಿನಲ್ಲಿ ನಿಲ್ಲುತ್ತದೆ ಎಂಬುದು ಇದರಿಂದ ಸ್ಪಷ್ಟ.

ಎರಡನೆಯ ಮಾತಿಗೆ ಉತ್ತರ 1872ರ ಕರಾರು ಕಾಯ್ದೆಯ 74ನೇ ಕಲಮಿನಲ್ಲಿದೆ. ಕರಾರು ಮುರಿದರೆ ಸಿಗುವುದು 'ಸಮಂಜಸ' ಪರಿಹಾರ. ಬಾಂಡ್‌ನಲ್ಲಿ ಬರೆದ ಮೊತ್ತ ಅದರ ಗರಿಷ್ಠ ಮಿತಿ, ಅಷ್ಟೇ. 2011ರಲ್ಲಿ ದೆಹಲಿ ಹೈಕೋರ್ಟಿನ ಮುಂದಿದ್ದ ಪ್ರಕರಣ ನೋಡಿ. ಮೂರು ವರ್ಷದ ಬಾಂಡ್, ಮೊತ್ತ 2 ಲಕ್ಷ. ತರಬೇತಿಗೆ ಕಂಪನಿ ಖರ್ಚು ಮಾಡಿದ್ದು 67,596 ರೂಪಾಯಿ. ಉದ್ಯೋಗಿ ಎರಡು ವರ್ಷ ದುಡಿದಿದ್ದರು. ಖರ್ಚನ್ನು ಮೂರು ಭಾಗ ಮಾಡಿ, ಬಾಕಿ ಉಳಿದ ಒಂದು ವರ್ಷದ ಪಾಲು 22,532 ರೂಪಾಯಿ ಎಂದು ಕೆಳ ನ್ಯಾಯಾಲಯ ಲೆಕ್ಕ ಹಾಕಿತ್ತು. ಹೈಕೋರ್ಟೂ ಅದನ್ನೇ ಒಪ್ಪಿತು.

ಬಾಂಡ್ ಬರೆದುಕೊಟ್ಟವರಿಗೆ ದಾರಿದೀಪ ಈ ಲೆಕ್ಕವೇ. ಉದಾಹರಣೆಗೆ, ಕಂಪನಿ 3 ಲಕ್ಷ ಕಟ್ಟಿದೆ, ಬಾಂಡ್ 24 ತಿಂಗಳದ್ದು ಎನ್ನಿ. 18 ತಿಂಗಳು ದುಡಿದವರ ನ್ಯಾಯವಾದ ಬಾಕಿ 75,000 ರೂಪಾಯಿ. ಆದರೆ 'ಯಾವಾಗ ಬಿಟ್ಟರೂ ಪೂರ್ತಿ 3 ಲಕ್ಷ' ಎಂದು ಬರೆದಿದ್ದರೆ, ಇದನ್ನು ವಾದಿಸಿ ಪಡೆಯಬೇಕಾಗುತ್ತದೆ. ತಿಂಗಳು ತಿಂಗಳು ಮೊತ್ತ ಇಳಿಯಬೇಕೆಂದು ಸಹಿಗೆ ಮುಂಚೆಯೇ ಕೇಳಿ. ಕಂಪನಿಯೇ ಕೆಲಸದಿಂದ ತೆಗೆದರೆ ಹಣ ಕಟ್ಟಬೇಕೇ, ಬಾಂಡ್ ಶುರುವಾಗುವುದು ಕೋರ್ಸ್ ಸೇರಿದ ದಿನದಿಂದಲೋ ಮುಗಿದ ದಿನದಿಂದಲೋ ಎಂಬುದೂ ಬರಹದಲ್ಲಿರಲಿ. ಫೀಸಿನ ರಸೀದಿಗಳ ಪ್ರತಿ ನಿಮ್ಮ ಬಳಿ ಇರಲಿ.

ಇನ್ನು ಕೆಲವು ವಿಷಯ. ಬಾಂಡ್ ತೋರಿಸಿ ಬಲವಂತದಿಂದ ಕೆಲಸ ಮಾಡಿಸುವ ಆದೇಶವನ್ನು ಕೋರ್ಟ್ ಕೊಡುವುದಿಲ್ಲ. ಆದರೆ ಕರಾರಿನ ಅವಧಿಯಲ್ಲಿ ಪ್ರತಿಸ್ಪರ್ಧಿ ಕಂಪನಿ ಸೇರದಂತೆ ತಡೆಯಬಹುದು. ಕಲ್ಯಾಣದ ರೇಯಾನ್ ಕಾರ್ಖಾನೆಯಲ್ಲಿ ತರಬೇತಿ ಪಡೆದು, ಐದು ವರ್ಷದ ಕರಾರಿನ ನಡುವೆಯೇ ಕೋಟಾದ ಕಂಪನಿಗೆ ಹೋದವರೊಬ್ಬರ ವಿರುದ್ಧ ಇಂಥ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟ್ 1967ರಲ್ಲಿ ಎತ್ತಿಹಿಡಿದಿದೆ. ಬಾಂಡ್ ಬಾಕಿಗೆಂದು ಪಿಎಫ್ ಹಣಕ್ಕೆ ಮಾಲೀಕರು ಕೈ ಹಾಕುವಂತಿಲ್ಲ. ಹಾಗೆಯೇ, ಶೈಕ್ಷಣಿಕ ಸಾಲದ ಬಡ್ಡಿಗೆ ಇರುವ ತೆರಿಗೆ ರಿಯಾಯಿತಿ ಬ್ಯಾಂಕಿನಂಥ ಸಂಸ್ಥೆಗಳ ಸಾಲಕ್ಕೆ ಮಾತ್ರ. ಮಾಲೀಕರು ಕೊಟ್ಟ ಸಾಲಕ್ಕೆ ಅದು ಸಿಗದು.

ಬಿಡಲೇಬೇಕಾಗಿ ಬಂದರೆ ನೋಟಿಸ್ ಅವಧಿಯಲ್ಲೇ ಎಚ್‌ಆರ್ ಜೊತೆ ಕುಳಿತು ಮೊತ್ತ ಇತ್ಯರ್ಥ ಮಾಡಿ. ಕಂತಿನಲ್ಲಿ ಕಟ್ಟುವ ಅವಕಾಶ ಕೇಳಿ. ಹೊಸ ಕಂಪನಿ ಅದನ್ನು ಜಾಯಿನಿಂಗ್ ಬೋನಸ್ ರೂಪದಲ್ಲಿ ಭರಿಸುತ್ತದೆಯೇ ಎಂದು ವಿಚಾರಿಸಿ; ಆದರೆ ಅದರ ಜೊತೆಗೆ ಇನ್ನೊಂದು ಬಾಂಡ್ ಬಂದೀತು, ಅದನ್ನೂ ಓದಿ. ಹಣ ಕಟ್ಟಿದ ದಿನವೇ ಬಾಕಿ ಇಲ್ಲವೆಂಬ ಪತ್ರ ಮತ್ತು ರಿಲೀವಿಂಗ್ ಲೆಟರ್ ಕೇಳಿ ಪಡೆಯಿರಿ.